ಕಾವು ಕೂತ ಕೋಳಿಗೆ, ಕ್ಲಚ್ ಪ್ಲೇಟಿನ ಪರವಾಗಿ

ಶ್ರೀಮತಿ ಕೆಂಪು ನಾಟಿ ಕೋಳಿಯವರ ಸನ್ನಿಧಿಗೆ,
ಹುಣಸೆ ಮರದ ಕೆಳಗಿನ ಅಂಗಳ,
ಮಧುರೆ ಹೋಬಳಿ, ದೊಡ್ಡಬಳ್ಳಾಪುರ ತಾಲ್ಲೂಕು.

ಮಾನ್ಯರೇ,

ಪರದೆ ಏಳುವ ಮೊದಲು ರಂಗಕ್ಕೆ, ಹಾರ್ಮೋನಿಯಮ್ಮಿಗೆ, ಮುಂದಿನ ಸಾಲಿನಲ್ಲಿ ಚಾಪೆ ಹಾಸಿ ಕೂತ ಹಿರಿಯರಿಗೆ ಕ್ರಮವಾಗಿ ಕೈಮುಗಿದೇ ಬಾಯಿ ತೆರೆಯಬೇಕೆಂದು ನಮ್ಮ ತಂದೆಯವರು, ಅಂದರೆ ಸುತ್ತಿನ ಹನ್ನೆರಡು ಹಳ್ಳಿಗೆ ಪೌರಾಣಿಕ ನಾಟಕ ಕಲಿಸಿದ ಮೇಷ್ಟ್ರು, ನನಗೆ ಆರನೆಯ ವಯಸ್ಸಿನಲ್ಲೇ ಹೇಳಿಕೊಟ್ಟಿದ್ದಾರೆ. ಆದ್ದರಿಂದ ಮೊದಲು ತಮ್ಮ ಕೆಂಪು ಜುಟ್ಟಿಗೆ, ಆಮೇಲೆ ಕತ್ತಿನ ಸುತ್ತ ಹೊಳೆಯುವ ಚಿನ್ನದ ಬಣ್ಣದ ಗರಿಗಳಿಗೆ, ಕಡೆಯಲ್ಲಿ ನನ್ನ ಬಲಗೈ ಹೆಬ್ಬೆರಳಿನ ಮೇಲೆ ಇನ್ನೂ ಗುರುತು ಉಳಿಸಿರುವ ತಮ್ಮ ಕೊಕ್ಕಿಗೆ ನಮಸ್ಕರಿಸಿ, ಈ ದೂರನ್ನು ತಮ್ಮ ಪಾದದ ಬಳಿ, ಆದರೆ ತಾವು ಕೆರೆದರೆ ಹಾರಿಹೋಗದಷ್ಟು ದೂರದಲ್ಲಿ, ಇಡುತ್ತಿದ್ದೇನೆ. ತಾವೂ ತಮ್ಮ ಸಂಸಾರವೂ ಕ್ಷೇಮವಾಗಿರುವುದನ್ನು ನಮ್ಮ ತಿಪ್ಪೆಯ ಇಂದಿನ ಸ್ಥಿತಿಯಿಂದಲೇ ತಿಳಿದುಕೊಂಡಿದ್ದೇನೆ. ವಿಚಾರಿಸುವ ಅಗತ್ಯ ಬೀಳಲಿಲ್ಲ.

ತಾವು ಅಂಗಳದ ನಿವಾಸಿಗಳಾದ್ದರಿಂದ ತಮಗೆ ನನ್ನ ಉದ್ಯೋಗದ ಪರಿಚಯ ಬೇಡ, ಆದರೆ ಇದು ಬಹಿರಂಗ ಪತ್ರವಾದ್ದರಿಂದ ದಾರಿಹೋಕರ ಸಲುವಾಗಿ ಎರಡು ಮಾತು ಹೇಳುತ್ತೇನೆ. ನನಗೆ ಗ್ಯಾರೇಜಿಲ್ಲ, ಬೋರ್ಡಿಲ್ಲ, ಕಾರಿನ ಕೆಳಗೆ ನಿಂತು ಕೆಲಸ ಮಾಡಲು ತೋಡಿದ ಗುಂಡಿಯಿಲ್ಲ; ಇರುವುದು ಮನೆಯ ಮುಂದೆ ಒಂದು ಹುಣಸೆ ಮರ, ಅದರ ಕೊಂಬೆಗೆ ಎಂಜಿನ್ ಎತ್ತಲು ಕಟ್ಟಿದ ಒಂದು ಸರಪಳಿ, ಅದರ ಕೆಳಗೆ ಯಾವಾಗಲೂ ಯಾರದಾದರೂ ಒಂದು ಗಾಡಿ. ಮನೆಯಲ್ಲಿ ಕೆಲಸ ಮಾಡುವ ಮೆಕ್ಯಾನಿಕ್ಕಿನ ಹತ್ತಿರ ಯಾರೂ ರಿಪೇರಿಗೆಂದು ಬರುವುದಿಲ್ಲ, 'ಹಿಂಗೇ ಈ ಕಡೆ ಬಂದೆ ಕಣಣ್ಣ, ಸುಮ್ನೆ ಒಂದ್ಸಲ ನೋಡ್ಬಿಡು' ಎಂದು ಬರುತ್ತಾರೆ, ಆ ಸುಮ್ಮನೆ ನೋಡುವುದು ಮುಗಿಯುವಷ್ಟರಲ್ಲಿ ಎಂಜಿನ್ನು ನೆಲದ ಮೇಲೆ ಹದಿನೇಳು ಭಾಗವಾಗಿ ಹರಡಿಕೊಂಡಿರುತ್ತದೆ. ಬಿಸಿಲಿಗೆ ನಿಲ್ಲಿಸಿದ ಕಾರಿನ ಬಾನೆಟ್ಟಿನ ಮೇಲೆ ನಮ್ಮ ತಾಯಿ ಪಾಪಮ್ಮನವರು ಹಪ್ಪಳ ಒಣಗಿಸುತ್ತಾರೆ, ಇಂಥ ಬಿಸಿ ತಗಡು ಇನ್ನೆಲ್ಲಿ ಸಿಗುತ್ತದೆ ಎಂಬುದು ಅವರ ವಾದ. ಟಾರ್ಚು ಹಿಡಿಯಲೆಂದು ತಾವಾಗಿಯೇ ಬರುವ ಪಕ್ಕದ ಮನೆಯ ಬೈರಪ್ಪನವರು ಬೆಳಕನ್ನು ಬೋಲ್ಟಿನ ಮೇಲೆ ಬಿಡದೆ ನನ್ನ ಮುಖದ ಮೇಲೆ ಬಿಡುತ್ತಾರೆ. ಮಹಾರಾಜನ ಪಾತ್ರ ಕಟ್ಟುತ್ತಿದ್ದ ಕಾಲದಲ್ಲಿ ಇಷ್ಟು ಬೆಳಕು ನನಗೆ ಒಂದೇ ಒಂದು ಪ್ರದರ್ಶನದಲ್ಲಿ ಸಿಕ್ಕಿದ್ದರೂ ಇವತ್ತು ನಾನು ಗ್ರೀಸು ಮುಟ್ಟುತ್ತಿರಲಿಲ್ಲ.

ಇಷ್ಟೆಲ್ಲವನ್ನೂ ಸಹಿಸಿಕೊಂಡಿದ್ದ ನನ್ನ ತಾಳ್ಮೆಯ ಕೋಟೆಗೆ ತಾವು ಲಗ್ಗೆಯಿಟ್ಟದ್ದು ಮುನಿವೆಂಕಟಮ್ಮನವರ ವ್ಯಾನಿನ ಮೂಲಕ. ಈ ಮುನಿವೆಂಕಟಮ್ಮನವರು ಕೆರೆ ಹಿಂದಿನ ಮುಕ್ಕಾಲು ಎಕರೆಯಲ್ಲಿ ಕನಕಾಂಬರ, ಸೇವಂತಿಗೆ ಬೆಳೆಯುವವರು. ಹೂವನ್ನು ದೊಡ್ಡಬಳ್ಳಾಪುರದ ಮಾರ್ಕೆಟ್ಟಿಗೆ ಸಾಗಿಸಲು ಹಳೆಯ ವ್ಯಾನೊಂದನ್ನು ಕೊಂಡವರು. ಆದರೆ ಅದನ್ನು ಓಡಿಸುವವನು ಮಾತ್ರ ಅವರ ಮೈದುನನ ಮಗ ಕೆಂಪರಾಜ್. ಆತ ಎದ್ದಾಗ ಬೆಳಗು, ಆತ ಬಂದಾಗ ಮಾರ್ಕೆಟ್ಟು, ಅಷ್ಟರಲ್ಲಿ ಹೂವು ಬುಟ್ಟಿಯಲ್ಲೇ ತಲೆ ಬಾಗಿಸಿರುತ್ತದೆ. ಐವತ್ತೆರಡನೆಯ ವಯಸ್ಸಿನಲ್ಲಿ ಈ ಹೆಂಗಸು ಅವನ ದಾರಿ ಕಾಯುವುದು ಸಾಕೆಂದು ತಾವೇ ಡ್ರೈವಿಂಗ್ ಕಲಿತರು, ಕಲಿಯುವವರ ಲೈಸೆನ್ಸು ಮಾಡಿಸಿದರು, ಪರೀಕ್ಷೆಗೂ ಹೋದರು. ಮೊದಲ ಸಲ ಕ್ಲಚ್ಚು ಬಿಟ್ಟ ಕೂಡಲೇ ವ್ಯಾನು ಕಪ್ಪೆಯ ಹಾಗೆ ನೆಗೆದು ಪರೀಕ್ಷೆಯ ದಾರಿ ಗುರುತಿಸಲು ನೆಟ್ಟಿದ್ದ ಕೆಂಪು ಬಣ್ಣದ ಕಂಬವನ್ನು ಮಲಗಿಸಿತು. ಎರಡನೆಯ ಸಲ ಕಂಬಗಳೆಲ್ಲ ಉಳಿದವು, ಆದರೆ ನಿಲ್ಲಿಸುವಾಗ ಬಿದ್ದ ಬ್ರೇಕಿಗೆ ಪರೀಕ್ಷೆ ಮಾಡುವ ಇನ್ಸ್‌ಪೆಕ್ಟರ ಕನ್ನಡಕ ಮೂಗು ಬಿಟ್ಟು ಮುಂದಿನ ಗಾಜಿಗೆ ಹೋಗಿ ಬಡಿಯಿತು. ಕೆಂಪರಾಜ್ ಈ ಎರಡೂ ಪ್ರಸಂಗಗಳನ್ನು ಟೀ ಅಂಗಡಿಯಲ್ಲಿ ಅಭಿನಯಿಸಿ ತೋರಿಸಿದ, ಅಭಿನಯ ಚೆನ್ನಾಗಿತ್ತೆಂಬುದನ್ನು ಕಲಾವಿದನಾಗಿ ನಾನು ಒಪ್ಪಿಕೊಳ್ಳಲೇಬೇಕು. ಉಳಿದದ್ದು ಮೂರನೆಯ ಅವಕಾಶ, ಒಂದು ಶುಕ್ರವಾರ. ಅದರ ಮರುದಿನ ಶನಿವಾರಕ್ಕೆ ಕಲಿಯುವವರ ಲೈಸೆನ್ಸಿನ ಅವಧಿ ಮುಗಿಯುತ್ತದೆ, ಮುಗಿದರೆ ಮತ್ತೆ ಮೊದಲಿನಿಂದ ಎಲ್ಲ. 'ಇನ್ನೊಂದ್ಸಲ ಫೇಲಾದ್ರೆ ನಾನು ಆ ಕಡೆ ತಲೆ ಹಾಕಲ್ಲ ಸೊಣ್ಣಪ್ಪ, ಕೀ ಕೆಂಪರಾಜನ ಕೈಗೆ ಕೊಟ್ಟು ಸುಮ್ನಾಗ್ಬಿಡ್ತೀನಿ' ಎಂದು ಆಕೆ ಹೇಳಿ, ಕ್ಲಚ್ಚು ನೆಗೆಯುವುದನ್ನು ನಿಲ್ಲಿಸಿಕೊಡಬೇಕೆಂದು ವ್ಯಾನನ್ನು ನಮ್ಮ ಅಂಗಳಕ್ಕೆ ತಂದು ಬಿಟ್ಟರು. ಬೇರೆ ಗಾಡಿಯಲ್ಲಿ ಪರೀಕ್ಷೆ ಕೊಡಿ ಎಂದರೆ ಆಕೆಯ ಕಾಲಿಗೆ ಬೇರೆ ಗಾಡಿಯ ಪೆಡಲು ಸಿಗುವುದಿಲ್ಲ. ಒಮ್ಮೆ ಕೆಂಪರಾಜನ ಕಾರಿನಲ್ಲಿ ಕೂತು ನೋಡಿದ್ದರ ಫಲವಾಗಿ ಅವರ ಮನೆಯ ಹುಲ್ಲಿನ ಬಣವೆ ಇವತ್ತಿಗೂ ಪೂರ್ವಕ್ಕೆ ವಾಲಿಕೊಂಡಿದೆ.

ನಾನು ಹಿಂದಿನ ಸೀಟು ಕಿತ್ತೆ, ಕೆಳಗಿನಿಂದ ಗೇರ್‌ಬಾಕ್ಸು ಇಳಿಸಿದೆ, ಸವೆದು ಒಣ ರೊಟ್ಟಿಯಂತಾಗಿದ್ದ ಕ್ಲಚ್ ಪ್ಲೇಟನ್ನು ಹೊರತೆಗೆದೆ, ಹೊಸದಕ್ಕೆ ಬೆಂಗಳೂರಿನ ಅಂಗಡಿಗೆ ಫೋನು ಮಾಡಿದೆ. ಅಂಗಡಿಯವನು ಹದಿನೈದು ದಿನ ಬಿಡದೆ 'ನಾಳೆ ಬರ್ತದೆ ಗುರು' ಎಂದ; ಆ ಹದಿನೈದು ನಾಳೆಗಳನ್ನು ನಾನು ವ್ಯರ್ಥವಾಗಿ ಕಳೆದೆನೆಂದೂ ತಾವು ಸದುಪಯೋಗ ಮಾಡಿಕೊಂಡಿರೆಂದೂ ಆಮೇಲೆ ತಿಳಿಯಿತು. ಸೀಟು ಕಿತ್ತ ಜಾಗದಲ್ಲಿ ನಾನು ಹಾಕಿದ್ದ ಗೋಣಿಚೀಲದ ಮೇಲೆ, ಕೈ ಒರೆಸಲು ಇಟ್ಟಿದ್ದ ಚಿಂದಿ ಬಟ್ಟೆಯ ಗುಡ್ಡೆಯ ನಡುವೆ, ಅಂಗಳದಲ್ಲಿ ಇನ್ನೂರು ಜಾಗ ಬಿಟ್ಟು ಅದೊಂದನ್ನೇ ಆಯ್ದು, ತಾವು ಗುಟ್ಟಾಗಿ ಹದಿಮೂರು ಮೊಟ್ಟೆಯಿಟ್ಟಿರಿ. ಮಂಗಳವಾರ ಬೆಳಿಗ್ಗೆ ಹೊಸ ಪ್ಲೇಟು ಕೈಗೆ ಬಂತು. ಅದೇ ಮಂಗಳವಾರ ಬೆಳಿಗ್ಗೆ ನಾನು ವ್ಯಾನಿನ ಬಾಗಿಲು ಸರಿಸಿದಾಗ ತಾವು ರೆಕ್ಕೆ ಅಗಲಿಸಿ, ಗರಿ ನಿಗುರಿಸಿ, ಸಿಂಹಾಸನವೇರಿದ ಪಟ್ಟದ ರಾಣಿಯಂತೆ ಕಾವು ಕೂತಿದ್ದಿರಿ, ಮತ್ತು ನನ್ನನ್ನು, ತಮ್ಮ ಆಸ್ಥಾನಕ್ಕೆ ತಪ್ಪಿ ಬಂದ ದ್ವಾರಪಾಲಕನನ್ನು ನೋಡುವಂತೆ, ಒಂದೇ ಕಣ್ಣಿನಿಂದ ನೋಡಿದಿರಿ.

ತಮ್ಮನ್ನು ಮೊಟ್ಟೆಗಳ ಸಮೇತ ಒಂದು ಮಂಕರಿಗೆ ವರ್ಗಾಯಿಸೋಣವೆಂದು ನಾನು ಕೈ ಚಾಚಿದ್ದು ನಿಜ. ಅಷ್ಟರಲ್ಲಿ ಪಾಪಮ್ಮನವರು ಅಡುಗೆಮನೆಯಿಂದ ಓಡಿಬಂದು ಕೊಟ್ಟ ತೀರ್ಪನ್ನು ಇಲ್ಲಿ ಯಥಾವತ್ತಾಗಿ ದಾಖಲಿಸುತ್ತೇನೆ: 'ಕೈ ತೆಗಿಯೋ. ಕಾವು ಕೂತ ಕೋಳೀನ ಜಾಗ ಬಿಡಿಸ್ತಾರೇನೋ ಯಾರಾದ್ರೂ. ಹೋದ್ಸಲ ಕರಿ ಕೋಳೀನ ಎತ್ತಿ ಬೇರೆ ಕಡೆ ಇಕ್ಕಿದ್ದಕ್ಕೆ ಏನಾಯ್ತು, ಎದ್ದೋಗಿ ತಿರುಗಿ ನೋಡಿಲ್ಲ, ಹನ್ನೊಂದೂ ಗೊಡ್ಡಾಗ್ಲಿಲ್ವಾ.' ಅಲ್ಲಿಗೆ ಮೇಲ್ಮನವಿಗೆ ದಾರಿಯಿರಲಿಲ್ಲ. ಮಳೆಗಾಲದ ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಕಾವಿನ ಗೂಡಿನಲ್ಲಿ ಒಂದು ತುಂಡು ಕಬ್ಬಿಣ ಇಡುವುದು ನಮ್ಮ ಕಡೆಯ ಪದ್ಧತಿ. ಎಲ್ಲರೂ ಹಳೆಯ ಲಾಳವನ್ನೋ ಮುರುಕು ಕುಡುಗೋಲನ್ನೋ ಇಡುತ್ತಾರೆ, ನಮ್ಮ ತಾಯಿ ಕೈಗೆ ಹತ್ತಿರ ಸಿಕ್ಕಿದ ನನ್ನ ಹದಿನಾಲ್ಕನೇ ನಂಬರಿನ ಸ್ಪ್ಯಾನರನ್ನು ತೆಗೆದು ತಮ್ಮ ಹೊಟ್ಟೆಯ ಕೆಳಗೆ ಸೇರಿಸಿದರು. ಗೇರ್‌ಬಾಕ್ಸಿನ ಬೋಲ್ಟುಗಳೆಲ್ಲ ಹದಿನಾಲ್ಕನೇ ನಂಬರಿನವು. ಬೇರೆ ಕಬ್ಬಿಣ ಇಡಮ್ಮಾ ಎಂದು ನಾನು ಅಂಗಲಾಚಿದರೆ, ಒಂದು ಸಲ ಇಟ್ಟ ಕಬ್ಬಿಣ ಮರಿಯಾಗುವ ತನಕ ತೆಗೆಯಬಾರದಂತೆ. ಮುಂದಿನ ಇಪ್ಪತ್ತೊಂದು ದಿನ ನನ್ನ ಸ್ಪ್ಯಾನರು ತಮ್ಮ ಬೆಚ್ಚನೆಯ ಮಡಿಲಲ್ಲಿ ಮಲಗಿತ್ತು. ಅದು ಮರಿಯಾಗಲಿಲ್ಲವೆಂಬುದಷ್ಟೇ ಸಮಾಧಾನ.

ಅದಾದ ಮೇಲೆ ಬಂದದ್ದು ನಿಶ್ಶಬ್ದದ ಆಜ್ಞೆ. ಸುತ್ತಿಗೆ ಬೀಳಬಾರದು, ವೆಲ್ಡಿಂಗಿನ ಕಿಡಿ ಹಾರಬಾರದು, ಎಂಜಿನ್ನು ಗುಡುಗಬಾರದು. ಅದೆಲ್ಲ ಹೋಗಲಿ, 'ನಿನ್ ಗಂಟ್ಲೂ ಅಷ್ಟೇ ಕಣೋ, ಮೆತ್ತಗೆ ಮಾತಾಡು' ಎಂದರು. ಮಾನ್ಯರೇ, ಮೈಕು ಕೆಟ್ಟಾಗ ಮೂರು ಸಾವಿರ ಜನರ ಕೊನೆಯ ಸಾಲಿನಲ್ಲಿ ನಿದ್ದೆ ಹೋದವನನ್ನು ಒಂದು ಕಂದಪದ್ಯದಿಂದ ಎಬ್ಬಿಸಿ ಕೂರಿಸಿದ ಗಂಟಲು ಇದು. ಈ ಗಂಟಲಿನಿಂದ ನಾನು ತಮ್ಮ ದೆಸೆಯಿಂದ ಮೂರು ವಾರ ಪಿಸುಗುಟ್ಟಿದೆ. ಗಿರಾಕಿಗಳು ಬಂದು 'ಏನಪ್ಪಾ ಸೊಣ್ಣಪ್ಪ, ಹುಷಾರಿಲ್ವಾ' ಎಂದು ಕೇಳಿದರು. ಕೋಳಿ ಮಲಗಿದೆ ಎಂದು ಪಿಸುಗುಟ್ಟಿದರೆ, ಪಾಪ, ತಲೆಗೂ ಏರಿದೆ ಎಂಬ ಮುಖ ಮಾಡಿಕೊಂಡು ತುದಿಗಾಲಲ್ಲಿ ಹೊರಟುಹೋದರು.

ನನಗಿದ್ದ ಒಂದೇ ಭರವಸೆ ಗಾಡಿಯ ಒಡತಿ. ಆಕೆ ಬಂದು ನೋಡಿದರೆ, ತನ್ನ ಪರೀಕ್ಷೆ, ತನ್ನ ಹೂವು, ತನ್ನ ಕೊನೆಯ ಅವಕಾಶ ಎಂದು ಕೂಗಾಡಿ, ನಮ್ಮ ತಾಯಿಯನ್ನು ಮಣಿಸಿ, ತಮ್ಮನ್ನು ಕೆಳಗಿಳಿಸುತ್ತಾರೆಂದು ಎದುರು ನೋಡುತ್ತಿದ್ದೆ. ಮುನಿವೆಂಕಟಮ್ಮನವರು ಬಂದರು, ಬಾಗಿಲಿನಲ್ಲಿ ಇಣುಕಿದರು, ಬಹಳ ಹೊತ್ತು ನೋಡಿದರು. ಆಮೇಲೆ ಆಕೆ ಕೇಳಿದ್ದು ಕ್ಲಚ್ಚಿನ ವಿಷಯವಲ್ಲ. 'ಎಷ್ಟು ದಿನ ಆಯ್ತು ಪಾಪಕ್ಕ' ಎಂದು ಕೇಳಿದರು, ಇವರು 'ಇವತ್ತಿಗೆ ಮೂರು' ಎಂದರು, ಆಕೆ ಬೆರಳು ಮಡಚಿ ಎಣಿಸಿ, ಪರೀಕ್ಷೆಯ ಶುಕ್ರವಾರ ಹದಿನೆಂಟನೆಯ ದಿನಕ್ಕೆ ಬೀಳುತ್ತದೆಂದು ಕಂಡುಕೊಂಡು, ಸೆರಗಿನಿಂದ ಮುಖ ಒರೆಸಿಕೊಂಡರು. 'ಏನ್ ಮಾಡಕ್ಕಾಯ್ತದೆ. ನನ್ ಲೈಸೆನ್ಸು ಹೋದ್ರೆ ಹೋಗ್ಲಿ, ಕಾವು ಕೂತಿರೋದನ್ನ ಎಬ್ಬಿಸಿದ ಪಾಪ ನನಗ್ ಬೇಡ' ಎಂದರು. ನನ್ನ ಕಣ್ಣೆದುರೇ ವಾದಿಯು ಪ್ರತಿವಾದಿಯ ಕಡೆ ಸೇರಿಕೊಂಡುಬಿಟ್ಟರು. ಆದರೆ ಆಕೆ ಗೇಟಿನ ತನಕ ಹೋಗಿ ಅಗುಳಿ ಹಿಡಿದು ನಿಂತದ್ದನ್ನು ನಾನು ನೋಡಿದೆ. ಬೆನ್ನು ಮಾತ್ರ ಕಾಣುತ್ತಿತ್ತು, ಮುಖವಲ್ಲ; ಕೆಲವು ಪಾತ್ರಗಳು ಬೆನ್ನಿನಿಂದಲೇ ಎಲ್ಲವನ್ನೂ ಹೇಳಿಬಿಡುತ್ತವೆ.

ಆ ಬೆನ್ನನ್ನು ನೋಡಿದ ಮೇಲೆ ನಾನು ಕ್ಲಚ್ಚನ್ನು ಬಿಡಲಿಲ್ಲ. ಬೈರಪ್ಪನವರ ಟ್ರಾಕ್ಟರಿನ ಪೆಟ್ಟಿಗೆಯಿಂದ ಹದಿನಾಲ್ಕನೇ ನಂಬರಿನ ಸ್ಪ್ಯಾನರು ಸಾಲ ತಂದೆ, ಅದರ ಜೊತೆಗೆ ಬೈರಪ್ಪನವರೂ ಬಂದರು. ಗಾಡಿಯ ಕೆಳಗೆ ಅಂಗಾತ ಮಲಗಿ, ಗೇರ್‌ಬಾಕ್ಸನ್ನು ಎದೆಯ ಮೇಲೆ ಮಗುವಿನಂತೆ ಹೊತ್ತು, ಉಸಿರು ಬಿಗಿಹಿಡಿದು ಮೇಲೇರಿಸುತ್ತಿದ್ದೆ. ವ್ಯಾನಿನ ನೆಲದಲ್ಲಿ ತುಕ್ಕು ತಿಂದು ಒಂದು ತೂತಾಗಿತ್ತು. ಮೇಲಿನ ಎರಡು ಬೋಲ್ಟು ಬಿಗಿಯಬೇಕಾದರೆ ಕೈ ಆ ತೂತಿನ ಮೂಲಕ ಒಂದು ಗೇಣು ಮೇಲೆ ಬರಲೇಬೇಕು. ಆ ಗೇಣಿನ ಆಚೆಗೆ ತಾವು. ಕೆಳಗೆ ಮಲಗಿದವನಿಗೆ ತಾವು ಕಾಣುವುದಿಲ್ಲ, ತಮಗೆ ನಾನು ಕಾಣುವುದಿಲ್ಲ, ತಮ್ಮ ಅಂತಃಪುರದ ನೆಲದಿಂದ ಗ್ರೀಸು ಮೆತ್ತಿದ ಒಂದು ಹೆಬ್ಬೆರಳು ಮೊಳೆಯುವುದು ಮಾತ್ರ ಕಾಣುತ್ತದೆ. ತಾವು ಮಾಡಿದ್ದನ್ನು ಯಾವ ಮಾನವಂತ ಗೃಹಿಣಿಯಾದರೂ ಮಾಡುತ್ತಿದ್ದಳು, ಅದಕ್ಕೆ ನನ್ನ ತಕರಾರಿಲ್ಲ; ಆದರೆ ಎರಡು ಬೋಲ್ಟಿಗೆ ಹತ್ತೊಂಬತ್ತು ಸಲ ಕುಕ್ಕುವುದು ಹೆಚ್ಚಾಯಿತೆಂದು ನನ್ನ ವಿನಮ್ರ ಅಭಿಪ್ರಾಯ. ಪ್ರತಿ ಸಲವೂ ನಾನು ಅರಚಬೇಕಾಗಿದ್ದುದನ್ನು ಪಿಸುಮಾತಿನಲ್ಲೇ ಅರಚಿದೆ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನನ್ನ ಕಣ್ಣಿಗೆ ಟಾರ್ಚು ಬಿಡುತ್ತಿದ್ದ ಬೈರಪ್ಪನವರು 'ಅದಕ್ಕೂ ಗೊತ್ತಾಗ್ತದೆ ಸೊಣ್ಣಪ್ಪ, ನೀನು ಉಲ್ಟಾ ತಿರುಗಿಸ್ತಿದ್ದೀಯ' ಎಂದರು.

ಹದಿನೈದನೆಯ ದಿನ ಎಂಜಿನ್ನನ್ನು ಮೆಲ್ಲಗೆ ಒಂದು ನಿಮಿಷ ಓಡಿಸಿ ನೋಡಲು ಪಾಪಮ್ಮನವರ ಅನುಮತಿ ಸಿಕ್ಕಿತು. ಒಂದೇ ಸಮನೆ ಗುನುಗುಡುವ ಸದ್ದು ಮಳೆಯ ಹಾಗೆ, ಅದರಿಂದ ತೊಂದರೆಯಿಲ್ಲ ಎಂದರು. ಆ ಒಂದು ನಿಮಿಷದಲ್ಲಿ ಕೇಬಲ್ಲನ್ನು ಎರಡು ಸುತ್ತು ಬಿಗಿದು, ಅರ್ಧ ಸುತ್ತು ಸಡಿಲಿಸಿ, ಪೆಡಲು ಬೆಣ್ಣೆಯಲ್ಲಿ ಇಳಿದ ಹಾಗೆ ಮಾಡಿದೆ. ಈ ಅರ್ಧ ಸುತ್ತನ್ನು ದಯವಿಟ್ಟು ನೆನಪಿಡಬೇಕು, ನನ್ನ ಇಡೀ ದೂರು ಅದರ ಮೇಲೆ ನಿಂತಿದೆ. ಇನ್ನು ಗಾಡಿಯನ್ನು ಪರೀಕ್ಷೆಗೆ ಒಯ್ಯುವುದು ಹೇಗೆ ಎಂಬ ಪ್ರಶ್ನೆ ಬಂದಾಗ, ನಮ್ಮ ತಾಯಿ ಎರಡು ದಿನ ಯೋಚಿಸಿ, ಯಾವ ಹೈಕೋರ್ಟಿನ ವಕೀಲರಿಗೂ ಹೊಳೆಯದ ದಾರಿಯೊಂದನ್ನು ಕಂಡುಹಿಡಿದರು. 'ಕೋಳಿ ಜಾಗ ಬದ್ಲಾಗ್ಬಾರ್ದು, ಅಷ್ಟೇ ತಾನೇ. ಅದರ ಜಾಗ ಗಾಡಿ ಒಳಗೈತೆ. ಗಾಡಿ ಹೋದ್ರೆ ಜಾಗಾನೂ ಜತೇಲೇ ಹೋಯ್ತದೆ' ಎಂದರು. ಎರಡು ಷರತ್ತುಗಳಿದ್ದವು. ಅಭ್ಯಾಸಕ್ಕೆಂದು ಕೆರೆ ಅಂಗಳ ಸುತ್ತುವಂತಿಲ್ಲ, ಹೋಗುವುದು ಒಂದು ಸಲ, ಬರುವುದು ಒಂದು ಸಲ. ಮತ್ತೆ, 'ಹದಿನೆಂಟನೇ ದಿನ ಅಂದ್ರೆ ಒಳಗೆ ಜೀವ ಆಡ್ತಿರ್ತದೆ ಮುನಿವೆಂಕಟಮ್ಮ, ಒಂದ್ಸಲ ಎತ್ತಿಹಾಕಿದ್ಯೋ, ಹದಿಮೂರೂ ಹೋದ್ವು.' ಆಕೆ ತಲೆಯಾಡಿಸಿದರು. ಒಂದು ದಿನದ ಅಭ್ಯಾಸವೂ ಇಲ್ಲದೆ, ಇದುವರೆಗೆ ತಾನು ಓಡಿಸಿಯೇ ನೋಡದ ಕ್ಲಚ್ಚಿನ ಮೇಲೆ ಕಾಲಿಟ್ಟು, ಆಕೆ ತನ್ನ ಕೊನೆಯ ಪರೀಕ್ಷೆಗೆ ಹೊರಡಬೇಕಾಯಿತು.

ಆ ಶುಕ್ರವಾರದ ಮೆರವಣಿಗೆಯನ್ನು ವರ್ಣಿಸಲು ನನಗೆ ಹಾರ್ಮೋನಿಯಂ ಬೇಕಿತ್ತು. ಚಾಲಕಿಯ ಪೀಠದಲ್ಲಿ ಮುನಿವೆಂಕಟಮ್ಮನವರು, ಪಕ್ಕದಲ್ಲಿ ಲೈಸೆನ್ಸು ಇರುವವನೆಂಬ ಕಾರಣಕ್ಕೆ ನಾನು, ಹಿಂದೆ ನೆಲದ ಮೇಲೆ ತಾವು, ತಮ್ಮ ಸುತ್ತ ಎರಡು ಕೈಯನ್ನೂ ಬೇಲಿಯಂತೆ ಹಿಡಿದು ಪಾಪಮ್ಮನವರು. ಕ್ಲಚ್ಚು ಬಿಟ್ಟಾಗ ನಾನು ಅಭ್ಯಾಸಬಲದಿಂದ ಡ್ಯಾಶ್‌ಬೋರ್ಡನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಗಾಡಿ ನೆಗೆಯಲಿಲ್ಲ. ಹೊರಟದ್ದೇ ಗೊತ್ತಾಗಲಿಲ್ಲ, ಕಿಟಕಿಯಲ್ಲಿ ಹುಣಸೆ ಮರ ತಾನಾಗಿ ಹಿಂದಕ್ಕೆ ಸರಿಯುವುದನ್ನು ನೋಡಿ ಹೊರಟಿದ್ದೇವೆಂದು ತಿಳಿದುಕೊಂಡೆ. ಹಿಂದಿನಿಂದ 'ಹಂಪು ಬಂತು, ಹಂಪು ಬಂತು' ಎಂದು ಪಾಪಮ್ಮನವರು ಜಪಿಸುತ್ತಿದ್ದರು, ಮುನಿವೆಂಕಟಮ್ಮನವರು ಪ್ರತಿ ಹಂಪಿನ ಮುಂದೆಯೂ ಹೊಸಿಲು ದಾಟುವ ಮದುಮಗಳಂತೆ ನಿಂತು, ನೋಡಿ, ದಾಟುತ್ತಿದ್ದರು. ನಲವತ್ತು ನಿಮಿಷದ ದಾರಿಗೆ ಒಂದೂ ಮುಕ್ಕಾಲು ಗಂಟೆ ಹಿಡಿಯಿತು. ಬಸ್ಸು ನಮ್ಮನ್ನು ಹಿಂದೆ ಹಾಕಿತು, ಮೇವು ತುಂಬಿದ ಟ್ರಾಕ್ಟರು ಹಿಂದೆ ಹಾಕಿತು, ಸೈಕಲ್ಲಿನ ಮೇಲೆ ಹಾಲಿನ ಕ್ಯಾನು ಕಟ್ಟಿಕೊಂಡ ಮುದುಕರೊಬ್ಬರು ಹಿಂದೆ ಹಾಕಿ, ಹಿಂತಿರುಗಿ ನೋಡಿ, ಏನಾದರೂ ಸಹಾಯ ಬೇಕೇ ಎಂದು ಕೈಸನ್ನೆಯಲ್ಲಿ ಕೇಳಿದರು. ನಮ್ಮನ್ನು ಹಿಂದೆ ಹಾಕದೆ ಉಳಿದದ್ದು ಮೈಲಿಗಲ್ಲುಗಳು ಮಾತ್ರ.

ಪರೀಕ್ಷೆಯ ಮೈದಾನದಲ್ಲಿ ಕೆಂಪರಾಜ್ ಮೊದಲೇ ಬಂದು ಬೈಕಿನ ಮೇಲೆ ಕಾಲು ಚಾಚಿ ಕೂತಿದ್ದ, ಮುಂದಿನ ಅಂಕಕ್ಕೆ ಟಿಕೆಟ್ಟು ತೆಗೆದುಕೊಂಡವನಂತೆ. 'ದೊಡ್ಡಮ್ಮ, ಇವತ್ತು ಯಾವ ಕಂಬ' ಎಂದು ಕೇಳಿದ. ಅದೇ ಇನ್ಸ್‌ಪೆಕ್ಟರು ಬಂದರು. ಆಕೆಯನ್ನು ನೋಡಿ 'ಬಂದ್ರಾ' ಎಂದು, ಕನ್ನಡಕ ತೆಗೆದು ಮಡಚಿ ಜೇಬಿನಲ್ಲಿಟ್ಟುಕೊಂಡರು. ಗಾಡಿಯಲ್ಲಿ ಪರೀಕ್ಷೆ ಕೊಡುವವರು ಬಿಟ್ಟು ಬೇರೆಯವರು ಇರಬಾರದೆಂದು ನನ್ನನ್ನೂ ನಮ್ಮ ತಾಯಿಯನ್ನೂ ಇಳಿಸಿದರು. ಇಳಿಸಿ, ಹಿಂದೆ ಬಗ್ಗಿ ನೋಡಿದರು.

'ಇದೇನಮ್ಮ ಇದು' ಎಂದರು ಇನ್ಸ್‌ಪೆಕ್ಟರು. 'ಕಾವು ಕೂತೈತೆ ಸಾರ್' ಎಂದರು ಮುನಿವೆಂಕಟಮ್ಮನವರು, 'ಇವತ್ತಿಗೆ ಹದಿನೆಂಟು.' ಸಾಲಿನಲ್ಲಿ ನಿಂತಿದ್ದ ಹುಡುಗರು ಫೋನು ತೆಗೆದರು, ಕೆಂಪರಾಜ್ ಬೈಕಿನಿಂದ ಇಳಿದ. ಅವರು ಮೊಟ್ಟೆಯೆಷ್ಟು ಎಂದು ಕೇಳಿದರು, ಆಕೆ ಹದಿಮೂರು ಎಂದರು. ಇನ್ಸ್‌ಪೆಕ್ಟರು ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡು, 'ನಮ್ಮಜ್ಜಿ ಆಗಿದ್ರೆ ನನ್ನನ್ನೇ ಗಾಡಿಯಿಂದ ಇಳಿಸ್ತಿತ್ತು' ಎಂದು ಹೇಳಿ, ಮುಂದಿನ ಸೀಟಿನಲ್ಲಿ ಕೂತು, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡರು.

ಮಾನ್ಯರೇ, ತಾವು ಒಳಗಿದ್ದಿರಿ, ಹೊರಗಿನಿಂದ ಅದು ಹೇಗೆ ಕಂಡಿತೆಂದು ತಮಗೆ ಗೊತ್ತಿಲ್ಲ. ಎಂಟರ ಆಕಾರದ ದಾರಿಯಲ್ಲಿ ಆ ವ್ಯಾನು ತುಂಬಿದ ಕೊಡ ಹೊತ್ತವಳು ನಡೆಯುವ ಹಾಗೆ ನಡೆಯಿತು. ಹಿಂದಕ್ಕೆ ತೆಗೆಯುವಾಗ ಕಂಬಕ್ಕೂ ಗಾಡಿಗೂ ನಡುವೆ ಒಂದು ಕೈ ಅಂತರ, ಉದ್ದಕ್ಕೂ ಅದೇ ಒಂದು ಕೈ. ಕಡೆಗೆ ಏರಿನ ಪರೀಕ್ಷೆ. ಏರಿನ ನಡುವೆ ನಿಲ್ಲಿಸಿ, ಹಿಂದಕ್ಕೆ ಜಾರದಂತೆ ಮತ್ತೆ ಹೊರಡಬೇಕು, ಹೋದೆರಡು ಸಲ ಅಲ್ಲಿಯ ತನಕವೂ ಆಕೆ ತಲುಪಿರಲಿಲ್ಲ. ಗಾಡಿ ನಿಂತಿತು. ನಾನು ಪಾಪಮ್ಮನವರ ಕೈ ಹಿಡಿದುಕೊಂಡೆ, ಪಾಪಮ್ಮನವರು ಕಣ್ಣು ಮುಚ್ಚಿಕೊಂಡರು. ಚಕ್ರ ಒಂದು ಬೆರಳಗಲ ಹಿಂದೆ ಸರಿದಂತೆ ನನಗೆ ಕಂಡಿತು, ಆಮೇಲೆ ಕ್ಲಚ್ಚು ಹಿಡಿಯುವ ಆ ಸಣ್ಣ ಗುನುಗು ಕೇಳಿಸಿತು, ವ್ಯಾನು ಏರಿನ ಮೇಲೆ ಹೊಗೆಯ ಹಾಗೆ ಎದ್ದು ಹೋಯಿತು. ಇನ್ಸ್‌ಪೆಕ್ಟರು ಇಳಿಯುವಾಗ ಕನ್ನಡಕ ಜೇಬಿನಿಂದ ತೆಗೆದು ಹಾಕಿಕೊಂಡು ಸಹಿ ಮಾಡಿದರು. ಸಾಲಿನಲ್ಲಿದ್ದ ಹುಡುಗರಿಗೆ 'ನೋಡ್ಕೊಳ್ರೋ, ಕ್ಲಚ್ ಬಿಡೋದಂದ್ರೆ ಹಿಂಗೆ' ಎಂದೂ ಹೇಳಿದರು.

ನನ್ನ ದೂರು ಇಲ್ಲಿಂದ ಆರಂಭವಾಗುತ್ತದೆ. ಪರೀಕ್ಷೆ ಪಾಸಾದ ಮುನಿವೆಂಕಟಮ್ಮನವರು ಗಾಡಿಯಿಂದ ಇಳಿದು, ಕಣ್ಣೀರು ಒರೆಸಿಕೊಂಡು, ನನ್ನ ಕಡೆಗೇ ಬಂದರು. ನಾನು ವಿನಮ್ರತೆಯ ಒಂದು ಸಣ್ಣ ನಗೆಯನ್ನು ತುಟಿಯ ಮೇಲೆ ಸಿದ್ಧಪಡಿಸಿಕೊಂಡು, 'ಅಯ್ಯೋ ನಂದೇನೈತೆ ಅಕ್ಕ' ಎಂಬ ಮಾತನ್ನು ಗಂಟಲಿಗೆ ತಂದುಕೊಂಡು ನಿಂತಿದ್ದೆ. ಆಕೆ ನನ್ನ ಪಕ್ಕದಿಂದ ಹಾದುಹೋಗಿ, ಹಿಂದಿನ ಬಾಗಿಲು ಸರಿಸಿ, ತಮಗೆ ಕೈಮುಗಿದು, 'ನೀನೇ ಕಣವ್ವ ಪಾಸು ಮಾಡಿಸಿದ್ದು' ಎಂದರು. ಕೆಂಪರಾಜ್ ಕೂಡ, ತನ್ನ ಮುಖ ಉಳಿಸಿಕೊಳ್ಳಬೇಕಲ್ಲ, 'ಪಾಸಾಗಿದ್ದು ದೊಡ್ಡಮ್ಮ ಅಲ್ಲ, ಕೋಳಿ' ಎಂದು ಸಾರಿದ. ಆ ಹುಡುಗರ ಫೋನಿನಿಂದ ಅದು ಸ್ಟೇಟಸ್ಸಾಯಿತು, ಸಂಜೆಯೊಳಗೆ ರಾಜಘಟ್ಟದ ತನಕ ಮುಟ್ಟಿತು. ಹದಿನೈದು ದಿನ ಕಾದು ತರಿಸಿದ ಪ್ಲೇಟು, ಕುಕ್ಕಿಸಿಕೊಂಡು ಬಿಗಿದ ಬೋಲ್ಟು, ಆ ಅರ್ಧ ಸುತ್ತು, ಇವುಗಳಲ್ಲಿ ಒಂದಕ್ಕೂ ಇವತ್ತಿನವರೆಗೆ ಯಾರೂ ಒಂದು ಮಾತು ಹೇಳಿಲ್ಲ.

ಹೇಳುವುದಿರಲಿ. ಸೋಮವಾರ ತಮಗೆ ಹನ್ನೊಂದು ಮರಿಯಾದ ಸುದ್ದಿಯೂ ಹರಡಿದ ಮೇಲೆ ನನ್ನ ಉದ್ಯೋಗದ ಸ್ವರೂಪವೇ ಬದಲಾಗಿದೆ. ಬೈರಪ್ಪನವರು, ಅವರ ತಂಗಿಯ ಮಗಳು ಅಕ್ಷತ ಮುಂದಿನ ತಿಂಗಳು ಪರೀಕ್ಷೆಗೆ ಹೋಗುವವಳಿದ್ದಾಳೆ, ಆಕೆಯ ಕಾರಿನಲ್ಲೂ ತಮ್ಮನ್ನು 'ಒಂದು ಹದಿನೈದು ದಿನ ಕೂರಿಸಿ' ಕೊಡಬೇಕೆಂದು ಕೇಳಿದ್ದಾರೆ. ಯಾರೋ ಫೋನು ಮಾಡಿ ಗೇರು ಬೀಳುವಾಗ ಕಿರಗುಟ್ಟುತ್ತದೆ, ಅದಕ್ಕೆ ಯಾವ ಬಣ್ಣದ ಕೋಳಿ ಆದೀತು ಎಂದು ವಿಚಾರಿಸಿದರು. ನನ್ನ ಸ್ಪ್ಯಾನರನ್ನು ಕೇಳಿದರೆ ಪಾಪಮ್ಮನವರು, ಅದರ ಕೈಗುಣ ಚೆನ್ನಾಗಿದೆ, ಇನ್ನು ಮುಂದೆ ಅದು ಗೂಡಿಗೇ ಮೀಸಲು ಎಂದಿದ್ದಾರೆ.

ಆದ್ದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆಗಳಿವು. ಇನ್ನು ಮುಂದೆ ಯಾವುದೇ ಗಿರಾಕಿಯ ಗಾಡಿಯಲ್ಲಿ ಕಾವು ಕೂರುವ ಮನಸ್ಸಾದರೆ ಹದಿನೈದು ದಿನ ಮುಂಚಿತವಾಗಿ ಲಿಖಿತ ತಿಳಿವಳಿಕೆ ಕೊಡಬೇಕು, ಗೂಡಿಗೆ ಕಬ್ಬಿಣ ಬೇಕಾದಲ್ಲಿ ನಂಬರನ್ನು ನನ್ನೊಡನೆ ಚರ್ಚಿಸಿ ಆರಿಸಿಕೊಳ್ಳಬೇಕು, ಪಂಚಾಯಿತಿ ಕಟ್ಟೆಯ ಮೇಲೆ ನಿಂತು, ಹುಂಜದವರ ಸಹಾಯ ಪಡೆದಾದರೂ ಸರಿ, ಕ್ಲಚ್ಚಿನ ಕೆಲಸ ಸೊಣ್ಣಪ್ಪನದೆಂದು ಮೂರು ಸಲ ಕೂಗಿ ಹೇಳಬೇಕು. ಇವುಗಳಲ್ಲಿ ಯಾವುದೂ ಸಾಧ್ಯವಾಗದಿದ್ದರೆ ನನ್ನ ಗಿರಾಕಿಗಳಿಗೆ ತಮ್ಮ ಒಂದು ಗುಣವನ್ನಾದರೂ ಕಲಿಸಬೇಕು. ನಮ್ಮ ಅಂಗಳದಲ್ಲಿ ಬಂದು ಕೂತವರು ಲೆಕ್ಕವಿಲ್ಲ. ಅವರಲ್ಲೆಲ್ಲ ಇಪ್ಪತ್ತೊಂದು ದಿನ ಕೂತು ಒಂದೇ ಒಂದು ಸಲವೂ 'ಇನ್ನೆಷ್ಟೊತ್ತು ಆಯ್ತದೆ' ಎಂದು ಕೇಳದವರು, ತಾವೊಬ್ಬರೇ. ಎಂಜಿನ್ನಿಗೆ ಅಷ್ಟು ಹತ್ತಿರ ಕೂತೂ ಸಲಹೆ ಕೊಡದವರೂ ತಾವೊಬ್ಬರೇ. ಕುಕ್ಕಿದಿರಿ ನಿಜ, ಆದರೆ ಮುಖದೆದುರು ಕುಕ್ಕಿದಿರಿ.

ನಾನು ದ್ವೇಷದಿಂದ ಬರೆಯುತ್ತಿಲ್ಲವೆಂಬುದಕ್ಕೆ ಇವತ್ತು ಬೆಳಿಗ್ಗೆಯ ಒಂದು ಸಂಗತಿ ಸಾಕ್ಷಿ. ಬೆಳಕು ಹರಿಯುವ ಹೊತ್ತಿಗೆ ಮುನಿವೆಂಕಟಮ್ಮನವರು ಒಬ್ಬರೇ ವ್ಯಾನಿನಲ್ಲಿ ಮಾರ್ಕೆಟ್ಟಿಗೆ ಹೊರಟಿದ್ದರು, ಹಿಂದೆ ತಾವು ಕೂತಿದ್ದ ಜಾಗದಲ್ಲಿ ಕನಕಾಂಬರದ ಬುಟ್ಟಿಗಳು, ಇನ್ನೂ ಇಬ್ಬನಿ ಆರದವು. ಆಕೆ ಈಗಲೂ ಹಿಂದೆ ಮೊಟ್ಟೆಯಿದೆ ಎಂಬಂತೆಯೇ ಓಡಿಸುತ್ತಾರೆ. ಹಿಂದೆ ಎರಡು ಲಾರಿ, ಒಂದು ಬಸ್ಸು, ಎಲ್ಲಕ್ಕಿಂತ ಹಿಂದೆ ಬೈಕಿನ ಮೇಲೆ ಕೆಂಪರಾಜ್, ಹಾರ್ನು ಹೊಡೆಯುತ್ತ ಸಾಲುಗಟ್ಟಿದ್ದರು. ನಮ್ಮ ಗೇಟಿನ ಮುಂದೆ ಆಕೆ ನಿಲ್ಲಿಸಿದರು, ಸಾಲೆಲ್ಲ ನಿಂತಿತು. ಕಿಟಕಿಯಿಂದ ತಲೆ ಹೊರಹಾಕಿ, 'ಸೊಣ್ಣಪ್ಪ, ಬ್ರೇಕು ಒಂಚೂರು ಹಿಡೀತದೆ ಕಣಪ್ಪ, ಭಾನುವಾರ ಬಿಡ್ತೀನಿ' ಎಂದು ಕೂಗಿದರು. ಕೋಳಿ ಬೇಕೆಂದು ಕೇಳಲಿಲ್ಲ. ನನ್ನ ಹೆಸರನ್ನೇ ಹಿಡಿದು ಕೂಗಿದರು, ಅಷ್ಟು ಜನರ ಎದುರಿಗೆ. ನಾನು ಮೂರು ವಾರದಿಂದ ಕೂಡಿಟ್ಟಿದ್ದ ಗಂಟಲನ್ನೆಲ್ಲ ಒಟ್ಟುಮಾಡಿ, 'ಬಿಡಿ ಅಕ್ಕ, ನಾನಿದ್ದೀನಿ' ಎಂದು ಉತ್ತರ ಕೊಟ್ಟೆ; ಬಸ್ಸಿನ ಕೊನೆಯ ಸೀಟಿನವರೂ ಎದ್ದು ಕೂತರು.

ಹುಣಸೆ ಮರದಡಿಯಿಂದ,
ತಮ್ಮ ವಿಶ್ವಾಸಿ,
ಸೊಣ್ಣಪ್ಪ

ಮರೆತ ಮಾತು: ತಮಗೆ ಓದು ಬರುವುದಿಲ್ಲವೆಂಬುದು ನನಗೆ ಗೊತ್ತು. ಆದ್ದರಿಂದಲೇ ಈ ಪತ್ರವನ್ನು ಗಾಡಿ ತರುವವರ ಕಣ್ಣಿನ ಎತ್ತರಕ್ಕೆ ಸರಿಯಾಗಿ ಗೇಟಿಗೆ ಅಂಟಿಸಿದ್ದೇನೆ. ಓದಿ ಮುಗಿಸಿದವರು ಮುಖ ಸಣ್ಣದು ಮಾಡಿಕೊಂಡು, ಇದನ್ನು ಯಾರಿಗೆ ಬರೆದದ್ದು ಎಂದು ವಿಚಾರಿಸಿದರೆ, ಕೋಳಿಗೆ ಎಂದೇ ಹೇಳಬೇಕೆಂದು ಮನೆಯವರಿಗೆಲ್ಲ ಹೇಳಿಕೊಟ್ಟಿದ್ದೇನೆ.